ಪೆರುಕ್ಕು ಅಂದರೆ

ಪೊನ್ನಮ್ಮ ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರು ಬೋರ್ಡಿನ ಮೇಲೆ ಆರು, ನಾಲ್ಕು ಬರೆದು, ನಡುವೆ ಕತ್ತರಿ ಗುರುತು ಹಾಕಿ, ತಮಿಳಿನಲ್ಲಿ "ಪೆರುಕ್ಕು" ಎಂದರು. ಪೊನ್ನಮ್ಮ ಎದ್ದುಹೋಗಿ ಮೂಲೆಯ ಪೊರಕೆ ತಂದು ಗುಡಿಸತೊಡಗಿದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ತಮಿಳಿನಲ್ಲಿ ಗುಡಿಸುವುದಕ್ಕೂ ಗುಣಿಸುವುದಕ್ಕೂ ಅದೊಂದೇ ಮಾತು. ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಟೀಚರು 'ಕಳಿ' ಅಂದರೆ ಕಳೆಯುವುದು ಹೊಳೆಯುತ್ತದೆ, 'ಸಮಂ' ಅಂದರೆ ಸಮ. 'ಪೆರುಕ್ಕು' ಅಂದರೆ ಹೊಳೆಯುವುದು ಪೊರಕೆ ಮಾತ್ರ. ದಿನಾ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಆ ಮಾತು ಹೇಳಿಯೇ ಕ್ಲಾಸಿನ ಕಸ ಹೊಡೆಸುತ್ತಿದ್ದರು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅವಳು ಕುರಿಗಳ ಹಿಂದೆ ಹೋದಳು. ಈಗ ನಲವತ್ತರ ಹತ್ತಿರ. ತಮಿಳು ಸೀಮೆಯ ಪೆನ್ನಾಗರಂ ದಾಟಿದ ಮೇಲೆ ಸಿಗುವ ನಮ್ಮೂರಿನಲ್ಲಿ, ಅದೇ ಶಾಲೆಯಲ್ಲಿ, ಗುಡಿಸುವ ಕೆಲಸ. ಎಂಟನೇ ಕ್ಲಾಸಿನ ಪರೀಕ್ಷೆ ಕಟ್ಟಿ ಪಾಸಾದರೆ ಆಫೀಸ್ ಕೆಲಸಕ್ಕೆ ಅರ್ಜಿ ಹಾಕಬಹುದು. ಹೋದ ವರ್ಷ ಎಲ್ಲ ಪಾಸಾಗಿ ಲೆಕ್ಕವೊಂದು ಹೋಯಿತು.

ಈ ಸಲ ಹೇಳಿಕೊಡಿ ಎಂದು ಲೆಕ್ಕದ ಮೇಷ್ಟ್ರು ಕುಪ್ಪುಸ್ವಾಮಿಯವರನ್ನು ಕೇಳಿದಳು. ಅವರು ಕೆಟ್ಟವರಲ್ಲ, ತಮಾಷೆಯವರು. ದಿನಾ ಪೆರುಕ್ಕುವವಳಿಗೆ ಪೆರುಕ್ಕಲು ನಾನೇನು ಕಲಿಸಲಿ ಎಂದು ಸ್ಟಾಫ್ ರೂಮಿಗೆಲ್ಲ ಕೇಳುವಂತೆ ನಕ್ಕರು. ಪೊನ್ನಮ್ಮ ನಗಲಿಲ್ಲ. ಗುಡಿಸಿದರೆ ಇರುವುದು ಕಮ್ಮಿಯಾಗುತ್ತದೆ, ಲೆಕ್ಕದಲ್ಲಿ ಪೆರುಕ್ಕಿದರೆ ಜಾಸ್ತಿಯಾಗುವುದು ಹೇಗೆ ಎಂದು, ಮೂವತ್ತು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮುಂದಿಟ್ಟಳು. ಅರ್ಥ ಕಟ್ಟಿಕೊಂಡು ನಿನಗೇನಾಗಬೇಕು, ಮಗ್ಗಿ ಉರು ಹೊಡಿ, ಪಾಸ್ ಮಾರ್ಕು ಬರುತ್ತದೆ ಎಂದರು ಮೇಷ್ಟ್ರು.

ಅವರಿಗೆ ಕನ್ನಡ ತಿಳಿಯುತ್ತದೆ. ಅವಳು ಕನ್ನಡದಲ್ಲೇ ಹೇಳಿದಳು: "ಅರ್ಥ ಆಗ್ದೇ ಇರೋದ್ನ ನಾನು ಬಾಯಾಗೆ ಇಟ್ಕಳಕಿಲ್ಲ ಸಾರ್."

ಮಾರನೆಯ ಬೆಳಿಗ್ಗೆ ಅಂಗಳದ ತುಂಬ ಬೇವಿನ ಎಲೆ. ಗುಡಿಸುತ್ತ ಗುಡ್ಡೆ ಮಾಡಿದಳು, ಸಾಲಿಗೆ ಆರರಂತೆ. ನಾಲ್ಕನೇ ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಎಳೆಬಿಸಿಲಿಗೆ ಒಂದೊಂದು ಗುಡ್ಡೆಗೂ ಒಂದೊಂದು ಪುಟ್ಟ ನೆರಳು. ಎಣಿಸಿದಳು, ಇಪ್ಪತ್ತನಾಲ್ಕು. ಎರಡು ಕಡ್ಡಿ ಎತ್ತಿ ಒಂದರ ಮೇಲೊಂದು ಅಡ್ಡ ಇಟ್ಟಳು. ಬೋರ್ಡಿನ ಆ ಕತ್ತರಿ ಗುರುತು ಅಂದರೆ ಇಷ್ಟು ಸಾಲು, ಅಷ್ಟೆ. ಗುಡ್ಡೆಗಳನ್ನು ಬುಟ್ಟಿಗೆ ತುಂಬಲು ಆವತ್ತು ಅವಳು ಅವಸರ ಮಾಡಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಜಗಲಿ ಗುಡಿಸುತ್ತಿದ್ದಾಗ ಒಳಗೆ ಕುಪ್ಪುಸ್ವಾಮಿಯವರ ಪಾಠ ನಡೆದಿತ್ತು. ಆರನ್ನು ಅರ್ಧದಿಂದ ಪೆರುಕ್ಕಿದರೆ ಮೂರು. ಭುವನಾ ಎಂಬ ಹುಡುಗಿ ಎದ್ದು, ಪೆರುಕ್ಕಿದ ಮೇಲೂ ಯಾಕೆ ಕಮ್ಮಿಯಾಯಿತು ಎಂದು ಕೇಳಿದಳು. ಅದು ರೂಲು, ಬರೆದುಕೋ ಎಂದರು ಮೇಷ್ಟ್ರು.

ಪೊನ್ನಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಬಾಗಿಲಲ್ಲಿ ನಿಂತಳು.

"ಸಾಲಿಗೆ ಆರು ಗುಡ್ಡೆ ಕಣವ್ವ. ನಾಕು ಸಾಲಾದ್ರೆ ಇಪ್ಪತ್ನಾಕು. ಅರ್ಧ ಸಾಲಿಗೇ ನಿಲ್ಲಿಸ್ಬುಟ್ರೆ ಏಟು?"

"ಮೂರು ಅಕ್ಕ."

"ಅಂಗೇಯಾ. ಕಮ್ಮೀನೂ ಆಯ್ತದೆ, ಜಾಸ್ತೀನೂ ಆಯ್ತದೆ. ಸಾಲು ಏಟು ಅಂತ ನೋಡ್ಕಬೇಕು."

ಯಾರೂ ನಗಲಿಲ್ಲ. ನಿನ್ನ ಕೆಲಸ ನೋಡಿಕೋ ಎಂದರು ಮೇಷ್ಟ್ರು. ನೋಡಿಕೊಂಡೇ ಹೇಳಿದ್ದು ಸಾರ್ ಎಂದು ಅವಳು ಜಗಲಿ ಮುಗಿಸಿದಳು.

ಆ ಸಲದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ನಲವತ್ತೆಂಟು ಬಂತು, ಪಾಸು. ಮಾರ್ಕ್ ಶೀಟನ್ನು ಅರ್ಜಿಯ ಜೊತೆ ಆಫೀಸಿಗೆ ಕೊಟ್ಟು ಹೊರಬರುವಾಗ ಕುಪ್ಪುಸ್ವಾಮಿ ಎದುರಾದರು. ಅಭ್ಯಾಸಬಲದಿಂದ, ಎಂಟನೇ ಕ್ಲಾಸಿನ ಕಡೆ ಕೈ ತೋರಿಸಿ, "ಪೆರುಕ್ಕು, ಪೊನ್ನಮ್ಮಾ" ಎಂದರು.

"ಯಾವ ಪೆರುಕ್ಕು ಸಾರ್? ಪೊರಕೆದಾ, ಬೋರ್ಡಿಂದಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಉತ್ತರ ಹೇಳುವತನಕ ಪೊನ್ನಮ್ಮ ಪೊರಕೆ ಮುಟ್ಟಲಿಲ್ಲ.