ಕನ್ನಡಕ ನನ್ನ ಚೀಲದಲ್ಲಿತ್ತು

ಮೊನ್ನೆ ಭಟ್ಕಳದಾಚೆಯ ಬೆಳಕೆ ಊರಿನ ಒಂದು ಮನೆಯ ಜಗಲಿಯಲ್ಲಿ ನನ್ನ ತಮ್ಮನನ್ನು ನೋಡಿ ಎಲ್ಲರೂ ನಕ್ಕರು. ಅವನಿಗೆ ಹೆಣ್ಣು ನೋಡಲು ಹೋದ ಮನೆ ಅದು. 'ಸಾಕು, ಸುಮ್ಮನಿರಿ' ಎಂದು ಅಕ್ಕನಾದ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಹೇಳದಿದ್ದರೆ ಹೋಗಲಿ, ಬಾಯಿ ಮುಚ್ಚಿಕೊಂಡಾದರೂ ಕೂರಬಹುದಿತ್ತು. ನಿಮ್ಮ ಹತ್ತಿರ ಸುಳ್ಳು ಯಾಕೆ? ನಾನೂ ನಕ್ಕೆ.

ಪತ್ರಿಕೆಯ ಈ ಜಾಗದಲ್ಲಿ ನಾನು ಹೊನ್ನಾವರದ ಮೀನು ಮಾರ್ಕೆಟ್ಟಿನ ಜಗಳ, ಐಸ್ ಸಿಗದ ಗೋಳು, ಬುಟ್ಟಿ ಕಂಡರೆ ನಿಲ್ಲಿಸದೇ ಓಡುವ ಬಸ್ಸು, ಇಂಥದ್ದನ್ನೇ ಬರೆಯುವವಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬೇರೆ ಏನು ಗೊತ್ತಿರುತ್ತದೆ? ಊರವರ ತಪ್ಪು ಹುಡುಕುವುದು ಮಾತ್ರ ಚೆನ್ನಾಗಿ ಗೊತ್ತು. ಈ ವಾರ ಅದಕ್ಕೆ ಪುರುಸೊತ್ತಿಲ್ಲ.

ನನ್ನ ತಮ್ಮ ಮಂಜುನಾಥನನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕುಮಟೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ದಪ್ಪ ಗಾಜಿನ ಕನ್ನಡಕ. ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ, ಇಲ್ಲದಿದ್ದರೆ ಒಂದು ಬಾಟಲಿ. ಬಾಟಲಿಯೊಳಗೆ ಏಡಿ. ರಜೆ ಬಂದರೆ ಅಘನಾಶಿನಿ ಹೊಳೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತು ನಿಲ್ಲುತ್ತಾನೆ. ನಾವು ಏಡಿ ಸಾರು ಉಣ್ಣುವಾಗ ಅದು ಅಡ್ಡ ಯಾಕೆ ನಡೆಯುತ್ತದೆ ಎಂದು ಪಾಠ ಶುರು ಮಾಡುತ್ತಾನೆ. ನನ್ನ ಗಂಡ ಟ್ರಾಲರ್ ಬೋಟಿಗೆ ಹೋಗುವವರು, ತಾಳ್ಮೆ ಕಡಿಮೆ. "ಭಾವಾ, ಅದು ಈಗ ಎಲ್ಲಿಗೂ ನಡಿಯೂದಿಲ್ಲ, ಉಣ್ಣು" ಎನ್ನುತ್ತಾರೆ. ಮಂಜು ನಗುತ್ತಾನೆ. ನಾವೂ ನಗುತ್ತೇವೆ. ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು.

ಆಮೇಲೆ ಟಿವಿ ಬಂತು.

ಭಟ್ಕಳದಿಂದ ತಂದ ಟಿವಿ. ಕೇರಿಗೆ ಅದೊಂದೇ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಅಂದರೆ ಸಂತೆ. ಹಂಚಿನ ಮಾಡಿನ ಮೇಲೆ ಬಿದಿರಿಗೆ ಕಟ್ಟಿದ ಆಂಟೆನಾ. ಸಮುದ್ರದ ಗಾಳಿಗೆ ಅದು ತಿರುಗಿತು ಅಂದರೆ ಪರದೆ ತುಂಬ ಬಿಳಿ ಚುಕ್ಕೆಗಳ ಅವಲಕ್ಕಿ. ಅದನ್ನು ಸರಿ ಮಾಡುವವನು ಯಾರು? ಮಂಜುವೇ. ಅವನು ಮೇಲೆ ಹತ್ತಿ, ಬಿದಿರು ಹಿಡಿದು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ "ಬಂತಾ?" ಎಂದು ಕೇಳಬೇಕು. ನಾವು ಕೆಳಗಿನಿಂದ "ಇಲ್ಲ, ಹೋತು, ಹಾಂ ಬಂತು, ಅಲ್ಲೇ ಹಿಡ್ಕ" ಎನ್ನಬೇಕು. ಗಾಳಿ ಜೋರಿದ್ದ ದಿನ ಬಿದಿರು ಬಿಟ್ಟರೆ ಚಿತ್ರ ಹೋಗುತ್ತದೆ. ಆಗ ಅವನು ಕಾರ್ಯಕ್ರಮ ಮುಗಿಯುವವರೆಗೆ ಹಿಡಿದುಕೊಂಡೇ ನಿಲ್ಲುತ್ತಾನೆ.

ಅವನು ಹಾಗೆ ಹಿಡಿದು ನಿಂತು ನಮಗೆ ತೋರಿಸುತ್ತಿದ್ದದ್ದು ಏನು? ಆ ಹಿಂದಿ ಕಾಮಿಡಿ.

ಅದರ ಹೆಸರು ನಾನು ಹೇಳುವುದಿಲ್ಲ. ಅದರಲ್ಲಿ ಒಬ್ಬ ಓದುವ ಆಸಾಮಿ ಇದ್ದಾನೆ. ಹೆಸರು ಕಿತಾಬ್‌ಬಾಬು. ಸೋಡಾ ಬಾಟಲಿಯ ತಳದಂಥ ಕನ್ನಡಕ, ಕುತ್ತಿಗೆಯ ತನಕ ಹಾಕಿದ ಗುಂಡಿ, ಎಣ್ಣೆ ಸುರಿದು ಬಾಚಿದ ತಲೆ. ಹೆಂಗಸರನ್ನು ಕಂಡರೆ ತೊದಲುತ್ತಾನೆ. ಕೋಳಿಗೆ ಹೆದರುತ್ತಾನೆ. ಪುಸ್ತಕ ಓದುತ್ತ ನಡೆದು ವಾರಕ್ಕೊಮ್ಮೆ ಗಟಾರಕ್ಕೆ ಬೀಳುತ್ತಾನೆ. ಬಿದ್ದ ಕೂಡಲೇ ಪೆಟ್ಟಿಗೆಯೊಳಗಿಂದ ಕಾಣದ ಜನ ನಗುತ್ತಾರೆ. ಅವರ ಹಿಂದೆ ನಾವು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಇನ್ನೊಬ್ಬ ಇದ್ದಾನೆ, ಅವನಿಗೆ ಸ್ಕೂಟರು, ಅವನಿಗೇ ಹುಡುಗಿ.

ಹಿಂದಿ ನಮಗೆ ಅರ್ಧಂಬರ್ಧ. ಭಟ್ಕಳಕ್ಕೆ ಹೋಗಿ ಮೀನು ಮಾರುವವರಿಗೆ ಮಾತ್ರ ಸ್ವಲ್ಪ ಹೆಚ್ಚು ತಿಳಿಯುತ್ತದೆ. ಆದರೆ ಇದಕ್ಕೆ ಭಾಷೆ ಯಾಕೆ? ಕನ್ನಡಕ ಕಂಡರೆ ಸಾಕು.

ನಮ್ಮ ಕೇರಿಯಲ್ಲಿ ಇಟ್ಟ ಹೆಸರು ಸುಲಭಕ್ಕೆ ಬಿಡುವುದಿಲ್ಲ. ಅಜ್ಜ ಒಮ್ಮೆ ದೋಣಿಯಲ್ಲಿ ನಿದ್ದೆ ಹೊಡೆದರೆ ಮೊಮ್ಮಗನಿಗೂ 'ನಿದ್ದೆ' ಎಂದೇ ಹೆಸರು. (ಅವನು ಈಗ ಕೇರಿಗೆಲ್ಲ ಮೊದಲು ಏಳುವವನು. ಆದರೂ ನಿದ್ದೆಯೇ.) ಇದು ಗೊತ್ತಿದ್ದೂ, ಒಂದು ಭಾನುವಾರ ಮಂಜು ಮಾಡಿನಿಂದ ಇಳಿದು ಒಳಗೆ ಬಂದಾಗ, "ಬಂದ್ರು ನೋಡಿ ಕಿತಾಬ್‌ಬಾಬು!" ಎಂದವಳು ಯಾರು?

ಕೇರಿಯ ಹುಡುಗರ ಮೇಲೆ ಹಾಕಬಹುದಿತ್ತು. ಆದರೆ ಅದು ನಾನೇ.

ಮರುದಿನವೇ ಹೆಸರು ಬಸ್ಸು ಹತ್ತಿತು. ಕಾಲೇಜಿಗೂ ಮುಟ್ಟಿತು. ಮಂಜು "ಅಕ್ಕಾ, ನಿನ್ನ ಹೆಸರಿಡೂದು ಚಲೋ ಅದೆ" ಎಂದ, ಅಷ್ಟೇ.

ಈಗ ಇನ್ನೊಂದು ಮಾತು. ಸ್ವಲ್ಪ ದಿನದ ಹಿಂದೆ ಇದೇ ಪತ್ರಿಕೆಗೆ ಇಬ್ಬರು ಮಾಸ್ತರರು ಪತ್ರ ಬರೆದಿದ್ದರು, ನೆನಪಿದೆಯಾ? ಓದುವವರನ್ನೆಲ್ಲ ಪೆದ್ದರ ಹಾಗೆ ತೋರಿಸುತ್ತಾರೆ, ನಮ್ಮ ಕ್ಲಾಸಿನ ಮಕ್ಕಳು ಬೋರ್ಡು ಕಾಣದಿದ್ದರೂ ಕನ್ನಡಕ ಬೇಡ ಎಂದು ಹಟ ಹಿಡಿಯುತ್ತಾರೆ ಎಂಬುದು ಅವರ ಆಕ್ಷೇಪ. ಅದಕ್ಕೆ ನಾನು ಇಲ್ಲೇ ಏನೆಂದು ಬರೆದೆ? 'ನಗಲಿಕ್ಕೂ ಪರವಾನಿಗೆ ಬೇಕಾ ಮಾಸ್ತರೇ? ತಮಾಷೆ ತಿಳಿಯದವರು ಟಿವಿ ಬಂದ್ ಮಾಡಿ ಮಲಗಿ.' ನೀವು ಬಹಳ ಮಂದಿ ಮೆಚ್ಚಿದಿರಿ. ಮೀನು ತೆಗೆದುಕೊಳ್ಳಲು ಬಂದವರೂ "ಚಲೋ ಬರದ್ಯೇ" ಎಂದರು. ನಾನು ಎರಡು ಬಂಗಡೆ ಹೆಚ್ಚಿಗೆ ಹಾಕಿದೆ.

ಆದರೆ ನೋಡಿ, ಅದೇ ಟಿವಿಯಲ್ಲಿ ಮೀನು ಮಾರುವ ಹೆಂಗಸು ಬಂದರೆ ಸೊಂಟಕ್ಕೆ ಕೈಯಿಟ್ಟು ಬೈಯಲೇಬೇಕು. ಪಕ್ಕದಲ್ಲಿ ನಿಂತವರು ಮೂಗು ಮುಚ್ಚಲೇಬೇಕು. ಅದನ್ನು ಕಂಡಾಗ ನಾನು ಎದ್ದು ಪೆಟ್ಟಿಗೆಗೇ ಬೈದಿದ್ದೇನೆ. ಆ ದಿನ ನನಗೆ ತಮಾಷೆ ಯಾಕೆ ತಿಳಿಯಲಿಲ್ಲ? ನನ್ನ ಬುಟ್ಟಿಗೆ ನಕ್ಕರೆ ಅವಮಾನ, ಅವನ ಕನ್ನಡಕಕ್ಕೆ ನಕ್ಕರೆ ಮನರಂಜನೆ. ಎಂಥ ನ್ಯಾಯ!

ಇರಲಿ. ಬೆಳಕೆಗೆ ಬರುತ್ತೇನೆ.

ಹುಡುಗಿಯ ಅಪ್ಪನಿಗೆ ಸ್ವಂತ ಬೋಟು ಇದೆ. ಒಳ್ಳೆಯ ಜನ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತವಳು. ಮಂಜುವಿಗೆ ಇದಕ್ಕೆ ಮೊದಲು ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಪ್ಪಿ ಹೋಗಿದ್ದವು. ಈ ಸಲ ತಪ್ಪಬಾರದು ಎಂದು ಅವ್ವನ ಫೋಟೋದ ಎದುರು ನಿಂತು ಹೇಳಿಕೊಂಡು ಹೊರಟವಳು ನಾನು. ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವನ ಮುಖ ನೋಡಿದೆ. ನನಗೆ ತಮ್ಮ ಕಾಣಲಿಲ್ಲ, ಕಿತಾಬ್‌ಬಾಬು ಕಂಡ.

"ಮಂಜೂ, ಆ ಕನ್ನಡಕ ತೆಗಿ. ಇಲ್ಲಿ ಕೊಡು."

"ಎಂತಕೆ ಅಕ್ಕಾ? ಅದಿಲ್ದೆ ನಂಗೆ ಎಂತದೂ ಕಾಣೂದಿಲ್ಲ."

"ಅವರು ನಿನ್ನ ನೋಡ್ಬೇಕು. ನೀನು ಅವರ ನೋಡದಿದ್ರೂ ಅಡ್ಡಿಲ್ಲ. ಅವರ ಮನೇಲೂ ಟಿವಿ ಅದೆ."

ಅವನು ತೆಗೆದು ಕೊಟ್ಟ. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬೆಳಕೆಯಲ್ಲಿ ಬಸ್ಸಿಳಿದ ಮೇಲೆ ಅವನ ಮೊಣಕೈ ಹಿಡಿದು, ಕಲ್ಲು ಬಂದಲ್ಲಿ "ಕಲ್ಲು" ಎನ್ನುತ್ತ ಕರೆದುಕೊಂಡು ಹೋದೆ. ಗುರುತಿನವರಾರೂ ನೋಡಲಿಲ್ಲ, ನನ್ನ ಪುಣ್ಯ.

ಜಗಲಿಯಲ್ಲಿ ಕೂರಿಸಿದರು. ಎಲ್ಲ ಸರಿಯಾಗೇ ನಡೆಯುತ್ತಿತ್ತು. ಹುಡುಗಿ ಚಾ ತಂದಳು. ಮಂಜು ಕೈ ಚಾಚಿದ. ಕೈ ತಟ್ಟೆಯ ಪಕ್ಕಕ್ಕೆ, ಬರೀ ಗಾಳಿಗೆ ಹೋಯಿತು. ಹುಡುಗಿ ಏನೂ ಆಗದವಳ ಹಾಗೆ ತಟ್ಟೆಯನ್ನು ಅವನ ಕೈಯ ಕೆಳಗೆ ಸರಿಸಿದಳು. ಅವಳಿಗೆ ಆಗಲೇ ತಿಳಿದಿತ್ತು. ನಾನು ಮಾತ್ರ ಯಾರಿಗೂ ತಿಳಿಯಲಿಲ್ಲ ಎಂದು ಖುಷಿಯಲ್ಲಿದ್ದೆ.

ಹುಡುಗಿಯ ಅಪ್ಪ ಕೇಳಿದರು: "ಹೇಳಿ ಮತ್ತೆ. ಹುಡುಗಿ ಮನಸಿಗೆ ಬಂತಾ?"

ನಾನು ಬಾಯಿ ತೆರೆಯುವುದರೊಳಗೆ ನನ್ನ ತಮ್ಮ, ಸುಳ್ಳು ಹೇಳಲು ಬಾರದ ಪ್ರಾಣಿ, ಹೇಳಿಯೇ ಬಿಟ್ಟ.

"ನಂಗೆ ನೀಲಿ ಸೀರೆ ಒಂದು ಕಂಡ್ತು. ಮುಖ ಕಾಣ್ಲಿಲ್ಲ. ಕನ್ನಡಕ ಅಕ್ಕನ ಚೀಲದಲ್ಲಿ ಅದೆ. ಹಾಕ್ಕಂಡು, ಒಂದ್ಸಲ ನೋಡಿ ಹೇಳ್ತೆ."

ನಾನು ಚೀಲಕ್ಕೆ ಕೈ ಹಾಕಿದೆ, ಇನ್ನೇನು ಮಾಡಲಿ? ಅವನು ಕನ್ನಡಕ ಏರಿಸಿಕೊಂಡು, ಗೌರವದಿಂದ ಎದ್ದು ನಿಂತು, ಹುಡುಗಿಯ ಕಡೆ ತಿರುಗಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಒಂದು ಚಿಕ್ಕ ಹುಡುಗಿ ಚಪ್ಪಾಳೆ ತಟ್ಟಿ ಕೂಗಿದಳು: "ಏ, ಕಿತಾಬ್‌ಬಾಬು!"

ಅಷ್ಟೇ. ಜಗಲಿ, ಅಂಗಳ, ಒಳಮನೆ, ಎಲ್ಲ ಒಟ್ಟಿಗೆ ನಕ್ಕವು. ನಾನೂ. ನಗಬೇಕೆಂದು ನಕ್ಕಿದ್ದಲ್ಲ, ಭಾನುವಾರದ ಅಭ್ಯಾಸ. ಆ ಹೆಸರು ಕೇಳಿದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಮಂಜು ಬೇರೆ ಯಾರನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ಕನ್ನಡಕ ಹಾಕಿಕೊಂಡಿದ್ದನಲ್ಲ, ಚೆನ್ನಾಗಿಯೇ ಕಂಡಿರಬೇಕು.

ನೀಲಿ ಸೀರೆಯ ಹುಡುಗಿ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳ ಅಪ್ಪ ನಗು ಮುಗಿಸಿ ಗಂಭೀರರಾದರು. "ಅಲ್ಲ ತಂಗೀ, ಕನ್ನಡಕ ಇದ್ರೆ ಎಂತ ಆತು? ನನ್ನ ಬೋಟು ನಡೆಸೂ ತಾಂಡೇಲನಿಗೂ ಅದೆ. ನೀನು ಅದನ್ನ ಮುಚ್ಚಿಟ್ಟದ್ದು ಎಂತಕೆ? ಇನ್ನೂ ಎಂತೆಲ್ಲ ಮುಚ್ಚಿಟ್ಟಿದ್ಯೋ, ನಮಗೆ ಹೆಂಗೆ ಗೊತ್ತಾಗ್ಬೇಕು?"

ನಾವು ಹೊರಡಲು ಎದ್ದಾಗ "ಹೇಳಿ ಕಳಿಸ್ತೇವೆ" ಎಂದರು. ಅದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಟಿವಿಯವರ ಮೇಲೆ ಸಿಟ್ಟು ಬಂತು. ಓದಿದವನಿಗೆ ನಡೆಯಲು ಬರುವುದಿಲ್ಲವಾ? ಓದಿದವನಿಗೆ ಹೆಂಡತಿ ಬೇಡವಾ? ಎಲ್ಲೋ ದೂರದ ಊರಿನಲ್ಲಿ ಕೂತು ಬರೆಯುವವರೂ ಓದಿದವರೇ ತಾನೇ, ಅವರ ಮೂಗಿನ ಮೇಲೆ ಕನ್ನಡಕ ಇಲ್ಲವಾ? ಹೊನ್ನಾವರ ಬರುವ ತನಕ ಮನಸ್ಸಿನಲ್ಲೇ ಅವರ ಚಳಿ ಬಿಡಿಸಿದೆ. ಅವರು ಕಿತಾಬ್‌ಬಾಬುವನ್ನು ಮಾಡಿದ್ದು ನಿಜ. ಆ ಹೆಸರನ್ನು ತಂದು ನನ್ನ ತಮ್ಮನಿಗೆ ತೊಡಿಸಿದವರು ಅವರಾ? ಅವರಿಗೆ ನಮ್ಮ ಕೇರಿಯ ದಾರಿಯೂ ಗೊತ್ತಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಶಾಲೆ ಬಿಟ್ಟದ್ದು ಅವನು ಹುಟ್ಟಿದ ವರ್ಷ. ಅವ್ವ ಮೀನಿಗೆ ಹೋದರೆ ಮಗು ಎತ್ತಿಕೊಳ್ಳಲು ಜನ ಬೇಕಿತ್ತು. ಅವನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವನು ಪುಸ್ತಕ ತೆರೆದು ಕೂತಾಗ ಒಳಗೆಲ್ಲೋ ಒಂದು ಮುಳ್ಳು ಚುಚ್ಚುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಿತಾಬ್‌ಬಾಬು ಬಂದ, ನಗಲು ಅನುಕೂಲವಾಯಿತು. ನಮ್ಮಂಥವರು ಆ ಕಾಮಿಡಿಗೆ ಅಷ್ಟು ನಗುವುದು ಯಾಕೆ ಎಂದು ಮಾಸ್ತರರು ಕೇಳಿದ್ದರೆ ನಾನು ಇದನ್ನೇ ಹೇಳಬೇಕಿತ್ತು.

ಬೆಳಕೆಯಿಂದ ಬಂದ ಮೇಲೆ ಮಂಜು ಜಗಳ ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು. ಮನೆಗೆ ಬಾಟಲಿ ಬರುವುದು ನಿಂತಿತು. ಕಾಲೇಜಿನಿಂದ ಬಂದ ಕೂಡಲೇ ಕನ್ನಡಕ ತೆಗೆದಿಡತೊಡಗಿದ. ಹೊಸಿಲು ಎಡವಿದರೂ ಹಾಕಲಿಲ್ಲ. ಏಡಿ ಸಾರು ಮಾಡಿದೆ. ಬೇಕೆಂದೇ ಮಾಡಿದೆ. ಪಾಠ ಶುರುವಾಗಲಿಲ್ಲ. ನನ್ನ ಗಂಡನಿಗೇ ತಡೆಯಲಿಲ್ಲ. "ಭಾವಾ, ಈ ಕೊಂಬು ಎಂತಕೆ ಒಂದು ದೊಡ್ಡದು, ಒಂದು ಸಣ್ಣದು?" ಎಂದು ಕೇಳಿದರು. "ಯಾರಿಗ್ಗೊತ್ತು?" ಎಂದ ನನ್ನ ತಮ್ಮ.

ಅವನಿಗೆ ಗೊತ್ತಿತ್ತು.

ಮತ್ತೆ ಭಾನುವಾರ. ಕೇರಿ ಬಂದು ಕೂತಿತು. ಗಾಳಿ ಜೋರಿತ್ತು, ಪರದೆ ತುಂಬ ಅವಲಕ್ಕಿ. "ಮಂಜು ಎಲ್ಲಿ?" ಎಂದು ಯಾರೋ ಕೇಳುವ ಮೊದಲೇ ಹಂಚಿನ ಮೇಲೆ ಹೆಜ್ಜೆ ಸಪ್ಪಳ ಕೇಳಿತು. "ಬಂತಾ?" ಎಂದು ಮೇಲಿನಿಂದ ದನಿ. ಚಿತ್ರ ಬಂತು. ಕಿತಾಬ್‌ಬಾಬು ಬಂದ. ಪುಸ್ತಕ ಹಿಡಿದು ಗಟಾರದ ಕಡೆ ನಡೆದ. ಎಲ್ಲರೂ ಬಾಯಿ ತೆರೆದು ತಯಾರಾದರು.

ನನ್ನ ಕಣ್ಣು ಟಿವಿ ಪೆಟ್ಟಿಗೆಯ ಮೇಲೆ ಹೋಯಿತು. ಅಲ್ಲಿ ಮಂಜುವಿನ ಕನ್ನಡಕ ಇತ್ತು.

ಕೆಳಗೆ ಪರದೆಯೊಳಗೆ ಒಂದು ಕನ್ನಡಕ, ಮೇಲೆ ಮರದ ಪೆಟ್ಟಿಗೆಯ ಮೇಲೆ ಇನ್ನೊಂದು. ಅದರ ಯಜಮಾನ ಅದಿಲ್ಲದೇ, ಈ ಗಾಳಿಯಲ್ಲಿ, ಜಾರುವ ಹಂಚಿನ ಮೇಲೆ. ನಾವು ನಗಲಿ ಎಂದು ಬಿದಿರು ಹಿಡಿದು ನಿಂತಿದ್ದಾನೆ.

ಕನ್ನಡಕ ಎತ್ತಿಕೊಂಡು ಹೊರಗೆ ಓಡಿದೆ. ಒಳಗೆ ನಗು ಸಿಡಿಯಿತು. ಬಿದ್ದನೆಂದು ಕಾಣುತ್ತದೆ ಕಿತಾಬ್‌ಬಾಬು.

"ಮಂಜೂ, ಇಳಿ ಕೆಳಗೆ!"

"ಎಂತಕೆ ಅಕ್ಕಾ? ಚಿತ್ರ ಹೋತಾ?"

"ಚಿತ್ರ ಅದೆ. ನೀ ಬಿಡು ಅದನ್ನ."

ಅವನು ಕೈ ಬಿಟ್ಟ. ಒಳಗಿನಿಂದ ಬೊಬ್ಬೆ ಎದ್ದಿತು: "ಹೋತೇ! ಯಾರೇ ಅದು ಆಂಟೆನಾ ಬಿಡಿಸಿದ್ದು?" ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಇಡೀ ಕೇರಿ ನನ್ನ ಹಿಂದೆ. ಮಾಡಿನ ಅಂಚಿನಲ್ಲಿ ಅವನು, ಕಣ್ಣು ಕಿರಿದು ಮಾಡಿ ನನ್ನ ದನಿ ಎಲ್ಲಿದೆ ಎಂದು ಹುಡುಕುತ್ತಿದ್ದ. ಹೆಸರಿಟ್ಟಾಗ ಇವರೆಲ್ಲ ಇದ್ದರು. ಇದನ್ನೂ ಕೇಳಲಿ ಎಂದು ಗಂಟಲು ದೊಡ್ಡದು ಮಾಡಿದೆ.

"ಆ ಹೆಸರು ಇಟ್ಟವಳೂ ನಾನೇ, ಬೆಳಕೆಲಿ ನಿನ್ನ ನೋಡಿ ನಗಾಡಿದವಳೂ ನಾನೇ. ತಪ್ಪಾತು ತಮ್ಮಾ, ನನ್ನ ಮಾಫ್ ಮಾಡು."