ಟವಲಿನ ಕೆಳಗಿನ ಬೆಲೆ

ಅಪ್ಪ ವ್ಯಾನು ಕೊಳ್ಳುತ್ತಾನೆ ಎಂಬ ಸುದ್ದಿಗೆ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನಗದವರಿಲ್ಲ. ತಿಂಗಳ ಕೊನೆಯಲ್ಲಿ ಸೈಕಲ್ ಟ್ಯೂಬಿಗೂ ಹಿಂದೆ ಮುಂದೆ ನೋಡುವ ಸರ್ಕಾರಿ ಜೀಪ್ ಡ್ರೈವರು, ಅದೂ ಒಳಗೆ ಮಂಚ ಇರುವ ವ್ಯಾನು ಕೊಳ್ಳುತ್ತಾನಂತೆ ಎಂದು ನಲ್ಲಿಯ ಹತ್ತಿರ ಮಾತಾಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲೇಜಿಗೆ ಹೋಗುತ್ತಿದ್ದ ನನಗೂ ನಾಚಿಕೆಯೇ ಆಗಿತ್ತು.

ಅದಕ್ಕೆ ಎರಡು ವರ್ಷ ಹಿಂದೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆದಮೇಲೆ ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟಾದಳು. ಆದರೆ ಸ್ವಲ್ಪ ಹೊತ್ತು ಕೂತರೆ ಸಾಕು, ನೋವಿಗೆ ಮುಖ ಬಿಳಿಚಿಕೊಳ್ಳುತ್ತಿತ್ತು. ಮಲಗಲೇಬೇಕು. ಬಸ್ಸಿನ ಮಾತೇ ಇಲ್ಲ. ಅವಳ ತವರು ಚಾಮರಾಜನಗರದ ಆಚೆ. ತಂಗಿಗೆ ಹೆರಿಗೆಯಾಗಿದ್ದು, ಅಣ್ಣ ಹೊಸ ಮನೆ ಕಟ್ಟಿದ್ದು, ಎಲ್ಲವನ್ನೂ ಅವಳು ಮಂಚದ ಮೇಲೆ ಮಲಗಿಯೇ ಕೇಳಿದಳು. ಒಂದು ದಿನ, "ನಾನಿನ್ನು ಆ ಊರು ನೋಡಲ್ಲ ಬಿಡಿ" ಎಂದಳು. ಅಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿ ಆ ಕಡೆ ಹೊರಳಿದಳು. ಅಪ್ಪನಿಗೆ ತಡೆಯಲಾಗಲಿಲ್ಲ.

ಆ ವ್ಯಾನು ಅವನಿಗೆ ಸಿಕ್ಕಿದ್ದು ಬಳೇಪೇಟೆಯಲ್ಲಿ. ಬಳೆಯ ಸಗಟು ವ್ಯಾಪಾರದ ಯಜಮಾನರೊಬ್ಬರು ತಮ್ಮ ತಂದೆಯ ತೀರ್ಥಯಾತ್ರೆಗೆಂದು ಹಳೆಯ ಗಾಡಿಗೆ ಹೊಸ ಬಾಡಿ ಕಟ್ಟಿಸಿದ್ದರು. ಒಳಗೆ ಎರಡು ಮಂಚ, ಸ್ಟೌ ಇಡಲು ಹಲಗೆ, ನೀರಿನ ಡ್ರಮ್ಮು, ಕಿಟಕಿಗೆ ಹೂವಿನ ಪರದೆ. ತಂದೆ ತೀರಿಕೊಂಡ ಮೇಲೆ ಅದು ಅಂಗಡಿಯ ಹಿಂದಿನ ಅಂಗಳದಲ್ಲಿ ಧೂಳು ಹಿಡಿದು ನಿಂತಿತ್ತು. ಅಪ್ಪನ ಯೋಚನೆ ಇಷ್ಟೇ: ಪಿ.ಎಫ್. ಸಾಲ ತೆಗೆಯುವುದು, ಅಮ್ಮನನ್ನು ಮಲಗಿಸಿಕೊಂಡೇ ತವರಿಗೆ ಕರೆದೊಯ್ಯುವುದು, ರಿಟೈರಾದ ಮೇಲೆ ಯಾತ್ರೆಯವರಿಗೆ ಬಾಡಿಗೆಗೆ ಓಡಿಸುವುದು.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದ. ಯಜಮಾನರು ಚೆನ್ನಾಗಿಯೇ ಬರಮಾಡಿಕೊಂಡರು. "ಬನ್ನಿ ಬನ್ನಿ, ನೀವೇನಾ ಡ್ರೈವರು?" ಎಂದು ಕಾಫಿ ತರಿಸಿದರು. ಅಪ್ಪ ಗಾಡಿಯ ಕೆಳಗೆ ನುಸುಳಿ ನೋಡಿದ, ಇಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟ, ಅಮ್ಮನ ವಿಷಯ ಹೇಳಿದ. ಅವರು ಲೊಚಗುಟ್ಟಿದರು. ಆಮೇಲೆ ಊಟ ಆಯ್ತಾ ಅನ್ನುವಷ್ಟೇ ಸಲೀಸಾಗಿ ಕೇಳಿದರು, "ಯಾರ ಪೈಕಿ ನೀವು?"

"ಊರಾಚೆ ಕೇರಿಯವ್ರು ಯಜಮಾನ್ರೇ. ಈಗ ಬೌದ್ಧರು" ಎಂದ ಅಪ್ಪ.

"ಅದೆಲ್ಲ ಈಗೆಲ್ಲಿದೆ, ಕಾಫಿ ಕುಡಿಯಪ್ಪ" ಎಂದರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದಾದರೂ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟರೊಬ್ಬ ಬಂದ. ಪಾತ್ರೆ ಸಾಗಿಸಲು, ಅಡುಗೆಯವರು ಮಲಗಲು ಅವನಿಗೂ ಅದೇ ವ್ಯಾನು ಬೇಕಿತ್ತು. ಯಜಮಾನರು ಹೆಗಲ ಟವಲು ತೆಗೆದು ತಮ್ಮ ಕೈ, ಅವನ ಕೈ ಎರಡರ ಮೇಲೂ ಹಾಸಿದರು. ಪೇಟೆಯ ಹಳಬರಲ್ಲಿ, ದನದ ಸಂತೆಯಲ್ಲಿ ಇದ್ದ ಪದ್ಧತಿ ಅದು. ಬಾಯಲ್ಲಿ ಬೆಲೆ ಆಡುವುದಿಲ್ಲ. ಟವಲಿನ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುವುದು; ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು ಸಾವಿರ, ಇಲ್ಲವೇ ಅಷ್ಟು ನೂರು. ಕಂಟ್ರಾಕ್ಟರ್ ನಗುತ್ತಾ ತಲೆಯಾಡಿಸಿ, ಯೋಚನೆ ಮಾಡ್ತೀನಿ ಎಂದು ಗೇಟಿನ ಹತ್ತಿರ ಹೋಗಿ ನಿಂತ.

ಯಜಮಾನರು ಟವಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಜಗಲಿಯ ಮೇಲಿಂದಲೇ ನಮ್ಮ ಕಡೆ ತಿರುಗಿ ಬೆಲೆಯನ್ನು ಗಟ್ಟಿಯಾಗಿ ಹೇಳಿದರು. ಅಕ್ಕಪಕ್ಕದ ಅಂಗಡಿಯವರೂ ಇಣುಕಿದರು.

ಅದು ಅಪ್ಪನಿಗೆ ಯಾಕೆ ಚುಚ್ಚಿತು ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಮ್ಮ ತಾತ ಸಂತೆಗೆ ಎತ್ತು ಹೊಡೆದುಕೊಂಡು ಹೋದಾಗ ಅವನಿಗೆ ಯಾರೂ ಟವಲು ಹಾಸುತ್ತಿರಲಿಲ್ಲವಂತೆ. ಹಾಸಿದರೆ ಕೈ ಮುಟ್ಟಬೇಕಲ್ಲ. ದೂರದಿಂದಲೇ ಕೂಗಿ ಕೇಳುವರು, ಅವನೂ ಕೂಗಿ ಹೇಳಬೇಕು. ಇವನು ಎಷ್ಟಕ್ಕೆ ಇಳಿದ ಎಂದು ಸಂತೆಗೆಲ್ಲ ಗೊತ್ತಾದ ಮೇಲೆ ಮುಂದಿನವನು ಅದಕ್ಕಿಂತ ಕೆಳಗಿನಿಂದ ಶುರು ಮಾಡುವನು. ಮುಟ್ಟದಿರುವುದು ಒಂದು ಅವಮಾನವಾದರೆ, ಎತ್ತು ಅರ್ಧ ಬೆಲೆಗೆ ಹೋಗುತ್ತಿದ್ದುದು ಇನ್ನೊಂದು. ಇದನ್ನು ಅಪ್ಪ ಎಷ್ಟು ಸಲ ಹೇಳಿದ್ದನೆಂದರೆ ನಮಗೆ ಬಾಯಿಪಾಠವಾಗಿತ್ತು.

"ಬಾಯಲ್ಲಿ ಬೇಡ ಯಜಮಾನ್ರೇ. ಅವ್ರಿಗೆ ಹಾಸಿದ್ರಲ್ಲ, ನನಗೂ ಹಾಸಿ" ಎಂದ ಅಪ್ಪ.

"ಅದು ನಮ್ಮ ವ್ಯಾಪಾರಸ್ಥರ ಪದ್ಧತಿ. ನಿನಗ್ಯಾಕಪ್ಪ ಅದು? ಬೇಕಾದ್ರೆ ಇನ್ನಷ್ಟು ಬಿಡ್ತೀನಿ" ಎಂದು ಅವರು ಇನ್ನೂ ಕಮ್ಮಿಯ ಬೆಲೆಯೊಂದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಅದು ನಮ್ಮ ಕೈಗೆ ಎಟುಕುವ ಬೆಲೆ. ನಾನು ಅಪ್ಪನ ಅಂಗಿ ಜಗ್ಗಿದೆ. "ಒಪ್ಕೊಳಪ್ಪ. ಅಮ್ಮನ್ನ ನೆನೆಸ್ಕೊ" ಎಂದೆ. ತಾತನ ಎತ್ತಿನ ಲೆಕ್ಕವನ್ನು ಅಮ್ಮನ ಸೊಂಟದ ಮೇಲೆ ಇಟ್ಟು ತೀರಿಸಿಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ಬಾಯಿ ತೆರೆಯುವ ಮೊದಲೇ ಗೇಟಿನಿಂದ ಕಂಟ್ರಾಕ್ಟರ್ ಕೂಗಿದ, "ಆ ರೇಟಿಗಾದ್ರೆ ನನಗೇ ಇರ್ಲಿ, ಮೇಲೆ ನೂರು ಜಾಸ್ತಿ ಹಾಕ್ಕೊಳ್ಳಿ."

ಅಪ್ಪ ನನ್ನನ್ನು ನೋಡಿದ. ಹೆಗಲ ಮೇಲಿದ್ದ ತನ್ನದೇ ಟವಲು ತೆಗೆದ. ಗಾಡಿಯ ಕೆಳಗೆ ನುಸುಳಿದಾಗಿನ ಗ್ರೀಸು ಅದರ ಅಂಚಿಗೆ ಹತ್ತಿತ್ತು. ಅದನ್ನು ಬಲಗೈ ಮೇಲೆ ಹೊದಿಸಿ ಮುಂದಕ್ಕೆ ಚಾಚಿ ನಿಂತ. ಯಜಮಾನರು ಅಕ್ಕಪಕ್ಕದ ಅಂಗಡಿಯವರನ್ನು ನೋಡಿದರು, ಕೈಯನ್ನು ನೋಡಿದರು. ಆ ಕೈ ಹಾಗೇ ಉಳಿದುಬಿಟ್ಟರೆ ಅಮ್ಮ ತವರು ನೋಡುವುದಿಲ್ಲ, ಅಪ್ಪ ಮತ್ತೆ ಯಾರೆದುರೂ ಕೈ ಚಾಚುವುದಿಲ್ಲ ಎಂದು ಹೆದರಿ ನಾನು ನೆಲ ನೋಡತೊಡಗಿದೆ.

ಚಪ್ಪಲಿಯ ಸದ್ದಾಯಿತು. ಯಜಮಾನರು ಜಗಲಿ ಇಳಿದು ಬಂದು ಟವಲಿನ ಕೆಳಗೆ ಕೈ ಹಾಕಿದ್ದರು. ಯಾಕೆ ಹಾಕಿದರು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಾಚಿಕೆಯೋ, ಗಿರಾಕಿ ಕೈತಪ್ಪುವ ಭಯವೋ, ಹಾಸಿಗೆ ಹಿಡಿದ ಹೆಂಗಸಿನ ಮೇಲಿನ ಕನಿಕರವೋ, ನನಗೆ ತಿಳಿಯದು. ಹೊದಿಕೆಯೊಳಗೆ ಬೆಕ್ಕಿನ ಮರಿ ಹೊರಳಿದ ಹಾಗೆ ಬಟ್ಟೆ ಅಲುಗಾಡಿತು. ಅಪ್ಪ ಒಮ್ಮೆ ತಲೆ ಅಡ್ಡಡ್ಡ ಆಡಿಸಿದ. ಅವರು ಹುಬ್ಬೇರಿಸಿದರು. ಕೊನೆಗೆ ಬಟ್ಟೆ ನಿಂತಿತು.

"ಆಯ್ತು ಕಣ್ರೀ. ನಿಮ್ಮನೆಯವ್ರನ್ನ ಊರಿಗೆ ಕರ್ಕೊಂಡ್ಹೋಗಿ" ಎಂದರು.

ಎಷ್ಟಕ್ಕೆ ಆಯ್ತು ಎಂದು ಕಂಟ್ರಾಕ್ಟರ್ ಕೇಳಿದ. "ಟವಲ್ ಕೆಳಗಿಂದು ಹೇಳೋದುಂಟೇನ್ರೀ" ಎಂದು ಯಜಮಾನರು ಒಳಗೆ ಹೋದರು. ಮನೆಗೆ ಬರುವಾಗ ಸುಲ್ತಾನ್‌ಪೇಟೆಯ ಉದ್ದಕ್ಕೂ ನಾನೂ ಕೇಳಿದೆ. ಹೇಳಲಿಲ್ಲ. ಹಟಕ್ಕೆ ಬಿದ್ದು ಜಾಸ್ತಿ ಕೊಟ್ಟಿದ್ದಾನೆ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡೆ.

ಮುಂದಿನ ತಿಂಗಳು ಅಮ್ಮನನ್ನು ವ್ಯಾನಿನ ಮಂಚದಲ್ಲಿ ಮಲಗಿಸಿಕೊಂಡು ಹೊರಟೆವು. ಮದ್ದೂರು ದಾಟಿದ ಮೇಲೆ ಅಪ್ಪ ಹುಣಸೆಮರದ ನೆರಳಲ್ಲಿ ಗಾಡಿ ನಿಲ್ಲಿಸಿದ. ನಾನು ಹಲಗೆಯ ಮೇಲೆ ಸ್ಟೌ ಹಚ್ಚಿ ಕಾಫಿಗಿಟ್ಟೆ. ಅಮ್ಮ ಪರದೆ ಸರಿಸಿ ಗದ್ದೆ ನೋಡುತ್ತಿದ್ದವಳು ಕೇಳಿದಳು, "ಎಷ್ಟು ಕೊಟ್ರಿ ಇದಕ್ಕೆ? ನನಗಾದ್ರೂ ಹೇಳಿ."

ಅಪ್ಪ ಮಂಚದ ಅಂಚಿನಲ್ಲಿ ಕೂತ. ಅದೇ ಟವಲನ್ನು ಅವಳ ಕೈ ಮೇಲೆ ಹಾಸಿ, ತನ್ನ ಕೈಯನ್ನು ಒಳಗೆ ತೂರಿಸಿದ. ಅಮ್ಮ ಮೊದಲು ನಕ್ಕಳು. ಆಮೇಲೆ ಕಣ್ಣು ಮುಚ್ಚಿ ಬೆರಳು ಎಣಿಸಿದಳು.

"ಅವ್ರೂ ಹಿಂಗೇ ಹಿಡಿದ್ರಾ?" ಎಂದು ಕೇಳಿದಳು.

"ಹೂಂ ಕಣಮ್ಮಿ. ಹಿಡಿದ್ರು."

"ಹಂಗಾದ್ರೆ ಸರಿಯಾದ ಬೆಲೆನೇ" ಎಂದಳು.

ಬೆಲೆ ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಫಿ ಸೋಸಿ ಎರಡು ಲೋಟ ಹಿಡಿದು ಮಂಚದ ಹತ್ತಿರ ಬಹಳ ಹೊತ್ತು ನಿಂತೆ. ತೆಗೆದುಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ.