ಹತ್ತಿಯೊಳಗೆ ಬಿದ್ದ ಪಾನಾ

ಮೂವತ್ತರ ದಶಕದ ಕೊನೆಯಲ್ಲಿ ನಾನು ಕುಕನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮಶೀನುಗಳಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದೆ. ಅದಕ್ಕೂ ಮೊದಲು ಗಂಗಾವತಿ ಕಡೆಯ ಅಕ್ಕಿ ಮಿಲ್ಲಿನಲ್ಲಿದ್ದೆ. ಅಲ್ಲಿ ಒಂದು ದಿನ ನನ್ನ ಕೈತಪ್ಪಿನಿಂದ ಮಶೀನಿನ ಪಟ್ಟಾ ಹರಿಯಿತು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರಲ್ಲ, ಅದನ್ನು ನಂಬಿ ನಾನೇ ಹೋಗಿ ಮುಕಾದಮನಿಗೆ ಹೇಳಿದೆ. ಸತ್ಯ ಸಾಯಲಿಲ್ಲ, ನನ್ನ ಕೆಲಸ ಹೋಯಿತು. ಮನೆಯಲ್ಲಿ ತಾಯಿ, ಹೊಸದಾಗಿ ಬಂದ ಹೆಂಡತಿ, ದುಡಿಯುವವನು ನಾನೊಬ್ಬನೇ. ಇನ್ನು ಮುಂದೆ ಏನು ಮುರಿದರೂ ಬಾಯಿ ಬಿಡಬಾರದೆಂದು ಅಂದೇ ತೀರ್ಮಾನಿಸಿಕೊಂಡಿದ್ದೆ.

ಹತ್ತಿ ಸುಗ್ಗಿ ಬಂತೆಂದರೆ ಬೇರೆ ಜಿನ್ನಿನವರು ಹೆಣ್ಣಾಳುಗಳಿಗಾಗಿ ಯಲಬುರ್ಗಿಯ ಹಳ್ಳಿ ಹಳ್ಳಿ ಸುತ್ತಿ ಕೈಕಾಲು ಹಿಡಿಯುತ್ತಿದ್ದರು. ಕೂಲಿ ಎಲ್ಲ ಕಡೆಯೂ ಒಂದೇ. ಆದರೂ ನಮ್ಮಲ್ಲಿಗೆ ಹನುಮಸಾಗರದ ಕಡೆಯಿಂದಲೂ ಜನ ತಾವಾಗಿಯೇ ಬಂದು, ಗೇಟಿನಾಚೆ ಗುಡಿಸಲು ಹಾಕಿಕೊಂಡು, ಇಂಜಿನ್ ಶುರುವಾಗುವ ದಿನಕ್ಕೆ ಕಾಯುತ್ತಿದ್ದರು. ಅದಕ್ಕೆ ಕಾರಣ ನಮ್ಮ ಹೆಡ್ ಮಿಸ್ತ್ರಿ. ಆಸಾಮಿ ಕುಳ್ಳ, ಬಾಯಿ ತುಂಬ ಎಲೆಯಡಿಕೆ, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಇವನ ಕೈಕೆಳಗೆ ಯಾರಾದರೂ ನಿಲ್ಲುತ್ತಾರೆಯೇ ಎಂದು ಮೊದಲ ದಿನ ನನಗೆ ಅನುಮಾನವೇ ಆಗಿತ್ತು.

ಆದರೆ ಅವನು ದಿನಕ್ಕೆ ಎರಡು ಸಲ ಇಂಜಿನ್ ನಿಲ್ಲಿಸುತ್ತಿದ್ದ. ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಗಳಲ್ಲಿ ಮಲಗಿದ್ದ ಕೂಸುಗಳಿಗೆ ತಾಯಂದಿರು ಹಾಲು ಕುಡಿಸಿ ಬರಲೆಂದು. ‘ಹಸದ ಕೂಸಿನ ತಾಯಿ ಕೈ ಮಶೀನಿನ ಮ್ಯಾಲ ಇರ್ತೈತಿ, ಕಿವಿ ಜೋಳಿಗಿ ಮ್ಯಾಲ. ಹಂತಾ ಕೆಲಸ ನನಗ ಬ್ಯಾಡ’ ಎನ್ನುತ್ತಿದ್ದ. ಮಧ್ಯಾಹ್ನ ಎಲ್ಲರ ನಡುವೆ ನೆಲದ ಮೇಲೆ ಕೂತು, ಒಬ್ಬಳ ರೊಟ್ಟಿ, ಇನ್ನೊಬ್ಬಳ ಪುಂಡಿಪಲ್ಯ, ಮತ್ತೊಬ್ಬಳ ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಿದ್ದ. ಚಟ್ನಿ ಖಾರವಾದರೆ ಬೈಯುತ್ತಲೂ ಇದ್ದ.

ಎಲ್ಲಕ್ಕಿಂತ ವಿಚಿತ್ರವಾದದ್ದು ಅವನ ಗಂಟೆ. ಹತ್ತಿಯಲ್ಲಿ ಕಲ್ಲೋ ಮೊಳೆಯೋ ಸೇರಿ ಮಶೀನಿಗೆ ಹೋದರೆ, ಅಲಗಿಗೆ ತಗುಲಿ ಕಿಡಿ ಹಾರುತ್ತದೆ. ಕಿಡಿ ಹಾರಿದರೆ ಹತ್ತಿ ತುಂಬಿದ ಆ ಮನೆಯಿಂದ ಹೊರಗೆ ಓಡಲು ಯಾರಿಗೂ ಹೊತ್ತು ಸಿಗುವುದಿಲ್ಲ. ಅದಕ್ಕೇ ಮಿಸ್ತ್ರಿ ರೈಲು ಹಳಿಯ ಒಂದು ತುಂಡನ್ನು ತೊಲೆಗೆ ತೂಗುಹಾಕಿದ್ದ. ಗಟ್ಟಿಯಾದದ್ದು ಏನಾದರೂ ಕೈಗೆ ಹತ್ತಿದರೆ, ಹತ್ತಿದಂತೆ ಅನ್ನಿಸಿದರೂ ಸಾಕು, ಯಾರು ಬೇಕಾದರೂ ಅದನ್ನು ಬಡಿಯಬಹುದಿತ್ತು. ಕೂಡಲೇ ಇಂಜಿನ್ ನಿಲ್ಲುತ್ತಿತ್ತು. ಹುಡುಕಿ ಏನೂ ಸಿಗದಿದ್ದರೂ ಬಡಿದವಳಿಗೆ ಬೈಗುಳವಿಲ್ಲ. ಒಂದು ಚೂರು ಬೆಲ್ಲ ಸಿಗುತ್ತಿತ್ತು. ಮಿಸ್ತ್ರಿಗೆ ತಲೆ ಕೆಟ್ಟಿದೆ, ಈ ಜಿನ್ನು ಯುಗಾದಿಯವರೆಗೂ ನಡೆಯುವುದಿಲ್ಲ ಎಂದುಕೊಂಡೆ.

ಸೇರಿ ಒಂದು ತಿಂಗಳಾಗಿತ್ತು. ಒಂದು ಮುಂಜಾನೆ, ಮೇಲಿನ ಬೇರಿಂಗಿಗೆ ಎಣ್ಣೆ ಹಾಕಲು ಹತ್ತಿಯ ರಾಶಿಯನ್ನು ಏರಿ ಇಳಿದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಬೋಲ್ಟು ಬಿಗಿಯಬೇಕಾಗಿ ಸೊಂಟಕ್ಕೆ ಕೈ ಹಾಕಿದರೆ, ಅಲ್ಲಿ ಸಿಕ್ಕಿಸಿಕೊಂಡಿದ್ದ ಪಾನಾ, ಅಂದರೆ ಸ್ಪ್ಯಾನರ್, ಇಲ್ಲ. ಗೇಣುದ್ದದ ಕಬ್ಬಿಣ ಅದೇ ರಾಶಿಯೊಳಗೆ ಎಲ್ಲೋ ಇಳಿದಿತ್ತು, ಹೆಣ್ಣುಮಕ್ಕಳು ಅದೇ ರಾಶಿಯಿಂದ ಬುಟ್ಟಿ ಬುಟ್ಟಿ ತುಂಬಿ ಮಶೀನಿಗೆ ಒಯ್ಯುತ್ತಿದ್ದರು.

ಓಡಿಹೋಗಿ ಗಂಟೆ ಬಡಿಯಬೇಕಿತ್ತು. ಬಡಿಯಲಿಲ್ಲ. ಬಡಿದರೆ ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿ. ಬಾಯಿಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಎಣ್ಣೆ ಹಾಕುವ ನೆವದಲ್ಲಿ ರಾಶಿಯ ಸುತ್ತ ಸುಳಿದಾಡುತ್ತ, ಹೋಗುವ ಬರುವ ಬುಟ್ಟಿಗಳನ್ನೆಲ್ಲ ಇಣುಕಿ ನೋಡುತ್ತ ಎರಡು ತಾಸು ಕಳೆದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಊಟದ ಹೊತ್ತಿಗೆ ಮುಂಚೆ ಒಮ್ಮೆಲೇ ಗಂಟೆಯ ಸದ್ದಾಯಿತು. ಸತ್ತೆ ಎಂದುಕೊಂಡೆ. ಬಡಿದವಳು ಒಬ್ಬ ಮುದುಕಿ. ಅವಳ ಕೈಗೆ ಸಿಕ್ಕಿದ್ದು ಒಣಗಿದ ಒಂದು ಹತ್ತಿಕಾಯಿ.

‘ಮುದುಕಿಗೆ ಬೆಲ್ಲದ ಆಸಿ ಆಗೈತ್ರಿ ಮಿಸ್ತ್ರಿ!’ ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

‘ಕಾಯಿ ಇತ್ತು, ನಕ್ಕೀರಿ. ಕಬ್ಬಿಣ ಇದ್ದಿದ್ರ ನಗಾಕ ಯಾರು ಇರ್ತಿದ್ರಿ?’ ಎಂದ ಮಿಸ್ತ್ರಿ, ಬೆಲ್ಲದ ಚೂರನ್ನು ಮುದುಕಿಯ ಕೈಯಲ್ಲಿಟ್ಟು ‘ಛಲೋ ಮಾಡಿದಿ ಬಿಡಬೇ’ ಎಂದ.

ಇಂಜಿನ್ ನಿಂತಿತ್ತು. ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ ತಿಳಿಯದು. ‘ಮಿಸ್ತ್ರಿ, ನನ್ನ ಪಾನಾ ಹತ್ಯಾಗ ಬಿದ್ದೈತ್ರಿ. ಮುಂಜಾನೆನ ಬಿದ್ದೈತಿ, ಎರಡು ತಾಸಾತು’ ಎಂದೆ.

ಅವನ ಮುಖ ಕಪ್ಪಿಟ್ಟಿತು. ಆದರೆ ಕೇಳಿದ್ದು ಒಂದೇ ಮಾತು: ‘ಯಾವ ಕಡಿಂದ ಏರಿದ್ದಿ, ತೋರ್ಸು.’

ಊಟ ಬಿಟ್ಟು ನಲವತ್ತು ಜನ ರಾಶಿಗೆ ಕೈ ಹಾಕಿದರು. ಹಿಡಿ ಹಿಡಿಯಾಗಿ ಹಿಸುಕಿ ನೋಡಿ ಹತ್ತಿಯನ್ನು ಅಂಗಳಕ್ಕೆ ಸಾಗಿಸಿದರು. ಒಬ್ಬರೂ ಗೊಣಗಲಿಲ್ಲ. ನನ್ನ ಕಾಲೆಳೆಯುವುದನ್ನು ಮಾತ್ರ ಬಿಡಲಿಲ್ಲ. ಮೂರನೇ ಮಶೀನಿಗೆ ಕೂರುವ ಹುಡುಗಿ, ಕೂಸಿನ ತಾಯಿ, ‘ಯಣ್ಣಾ, ವೈನಿನ್ನರ ಮನ್ಯಾಗ ಇಟ್ಟು ಬಂದೀಯಿಲ್ಲೋ, ಅಕಿನ್ನೂ ಎಲ್ಲ್ಯರ ಬೀಳಿಸಿದಿ?’ ಎಂದು ನನ್ನ ಹೆಂಡತಿಯ ಮಾತೆತ್ತಿದಳು. ಆ ನಗುವಿನಲ್ಲಿ ನನಗೂ ಉಸಿರಾಡಲು ಆಯಿತು. ಹೊತ್ತು ಇಳಿಯುವಾಗ ಪಾನಾ ಸಿಕ್ಕಿತು. ಮುಂದಿನ ಬುಟ್ಟಿ ತುಂಬುವ ಜಾಗದಿಂದ ಅದು ಒಂದು ಮೊಳವೂ ದೂರವಿರಲಿಲ್ಲ.

ವಾರಕ್ಕೊಮ್ಮೆ ಕೊಪ್ಪಳದಿಂದ ಬರುವ ಮಾಲೀಕರು ಅದೇ ಹೊತ್ತಿಗೆ ಟಾಂಗಾದಿಂದ ಇಳಿಯಬೇಕೆ! ಸುಮ್ಮನೆ ನಿಂತ ಮಶೀನುಗಳನ್ನೂ ಅಂಗಳದ ತುಂಬ ಹರಡಿದ ಹತ್ತಿಯನ್ನೂ ನೋಡಿ ಕೆಂಡವಾದರು. ‘ಯಾಂವ ಇದನ್ನ ಮಾಡಿದಾಂವ? ಈಗಿಂದೀಗ ಹೊರಗ ಹಾಕ್ರಿ!’

‘ನಾನ್ರೀ’ ಎಂದು ಮುಂದೆ ಬಂದೆ. ಆ ಧೈರ್ಯ ನನ್ನದಲ್ಲ, ಆ ಮಧ್ಯಾಹ್ನ ಅಲ್ಲಿದ್ದವರು ಕೊಟ್ಟದ್ದು.

ಮಿಸ್ತ್ರಿ ನನ್ನ ಮುಂದೆ ನಿಂತ. ‘ಹಾಕೂಣ್ರಿ. ಆದ್ರ ಮೊದ್ಲ ಈ ಗಂಟಿ ಬಿಚ್ಚಿಸ್ರಿ. ತಾನ ಬಂದು ಹೇಳಿದಾವನ್ನ ಹೊರಗ ಹಾಕಿದ್ರ, ನಾಳಿ ಇಲ್ಲಿ ಯಾರೂ ಹೇಳಂಗಿಲ್ಲ.’

ಮಾಲೀಕರು ಗಂಟೆಯನ್ನು ನೋಡಿದರು, ಸಾಲಾಗಿ ನಿಂತ ಹೆಣ್ಣುಮಕ್ಕಳನ್ನು ನೋಡಿದರು. ‘ಆತು, ನಾಳಿಯಿಂದರ ಕೆಲಸ ಸುರು ಆಗ್ಲಿ’ ಎಂದು ಟಾಂಗಾ ಹತ್ತಿದರು.

‘ನಾಳಿ ಯಾಕ, ಈಗ ಸುರು ಮಾಡೂಣು’ ಎಂದರು ಹೆಂಗಸರು. ನಾನು ಮಿಸ್ತ್ರಿಯ ಕಾಲು ಮುಟ್ಟಲು ಹೋದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

‘ಕಣ್ಣ ಮುಂದ ನಿಲ್ಲಬ್ಯಾಡ. ನನಗ ಭಾಳ ಸಿಟ್ಟು ಬಂದೈತಿ.’

‘ಪಾನಾ ಬೀಳಿಸಿದ್ದಕ್ಕೇನ್ರಿ?’

‘ಪಾನಾ ಯಾರ ಕೈಯಿಂದರ ಬೀಳ್ತೈತಿ. ಎರಡು ತಾಸು ಯಾಕ ಸುಮ್ಮನಿದ್ದಿ?’ ಅವನು ಒಳಗಿನ ಮಶೀನುಗಳ ಕಡೆ ಕೈ ತೋರಿಸಿದ. ‘ಮೂರನೇ ಮಶೀನಿಗೆ ಕುಂದ್ರಾಕಿ ನನ್ನ ಮಗಳೋ.’

ತಿಂಗಳಿಡೀ ಅವಳನ್ನು ನೋಡಿದ್ದೆ. ಎಲ್ಲರಷ್ಟೇ ಬುಟ್ಟಿ ಹೊರುತ್ತಿದ್ದಳು, ಎಲ್ಲರಷ್ಟೇ ಬೈಸಿಕೊಳ್ಳುತ್ತಿದ್ದಳು. ಅವಳು ಅವನ ಮಗಳೆಂದು ನನಗೆ ಗೊತ್ತಾಗುವಂಥದ್ದು ಏನೂ ಅಲ್ಲಿ ನಡೆದಿರಲಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಅವನು ನನ್ನ ಪರವಾಗಿ ಮಾಲೀಕರೆದುರು ನಿಂತಿದ್ದ.

ಇಂಜಿನ್ ಮತ್ತೆ ಶುರುವಾಯಿತು. ಎಣ್ಣೆಡಬ್ಬಿ ಹಿಡಿದು ಮೂರನೇ ಮಶೀನಿನ ಹತ್ತಿರ ಹೋದೆ. ಅವಳು ಬುಟ್ಟಿಯನ್ನು ಎಳೆದುಕೊಂಡು, ‘ಲಗೂ ಹಾಕಣ್ಣಾ, ಕೂಸು ಏಳೂ ಹೊತ್ತಾತು’ ಎಂದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.